ಕತ್ತುಮಟ್ಟದ ನೀರು: ಜಪಾನಿನ ಸ್ನಾನದ ತೊಟ್ಟಿ ಆಳವಾದ ಬಗೆ

ಜಪಾನಿನ ಸಾಂಪ್ರದಾಯಿಕ ಸ್ನಾನದ ತೊಟ್ಟಿ ಗಿಡ್ಡ, ಆದರೆ ಆಳ. ಸುಮಾರು 60 ಸೆಂಟಿಮೀಟರ್ ಆಳದ ಈ ತೊಟ್ಟಿಯಲ್ಲಿ ಮಂಡಿ ಮಡಚಿ ಕೂತರೆ ಬಿಸಿನೀರು ಹೆಗಲು ಮುಚ್ಚಿ ಕತ್ತಿನವರೆಗೆ ಬರುತ್ತದೆ. ಪಾಶ್ಚಾತ್ಯ ಮಾದರಿಯ ತೊಟ್ಟಿ ಇದಕ್ಕೆ ತದ್ವಿರುದ್ಧ. ಕಾಲು ಚಾಚಿ ಒರಗುವಷ್ಟು ಉದ್ದ, 45 ಸೆಂಟಿಮೀಟರ್ ಆಸುಪಾಸಿನ ಆಳ. ಅದರಲ್ಲಿ ಎದೆ ಮುಳುಗಿಸಿದರೆ ಮಂಡಿ ಹೊರಗೆ, ಮಂಡಿ ಮುಳುಗಿಸಿದರೆ ಎದೆ ಹೊರಗೆ. ಹಳೆಯ ಬಾತ್‌ರೂಮ್ ಒಡೆಸಿ ಹೊಸದು ಕಟ್ಟಿಸುವವರು ಇವತ್ತು ‘ಸೋಕಿಂಗ್ ಟಬ್’ ಎಂದು ಕೇಳಿ ಕೊಳ್ಳುವ ಆಳದ ತೊಟ್ಟಿಯ ಬೇರು ಬಹುಪಾಲು ಜಪಾನಿನಲ್ಲಿದೆ. ಅಂಗಡಿಯಲ್ಲಿ ಅದಕ್ಕೆ ಐಷಾರಾಮದ ಬೆಲೆ. ಅದು ರೂಪುಗೊಂಡದ್ದು ಮಾತ್ರ ಸೌದೆ, ನೀರು, ಜಾಗ ಮೂರನ್ನೂ ಲೆಕ್ಕ ಹಾಕಿ ಬಳಸಬೇಕಿದ್ದ ಮನೆಗಳಲ್ಲಿ.

ಸ್ನಾನದ ತೊಟ್ಟಿಗೆ ಜಪಾನಿ ಭಾಷೆಯಲ್ಲಿ ‘ಫುರೊ’ ಎನ್ನುತ್ತಾರೆ, ಮರ್ಯಾದೆ ಸೇರಿಸಿ ‘ಓಫುರೊ’. ಮೊದಮೊದಲು ಈ ಮಾತಿಗೂ ನೀರಿನಲ್ಲಿ ಮುಳುಗುವುದಕ್ಕೂ ಸಂಬಂಧವಿರಲಿಲ್ಲ. ‘ಮುರೊ’ ಎಂದರೆ ಗವಿ, ಮುಚ್ಚಿದ ಕೋಣೆ. ಫುರೊ ಅದರಿಂದ ಬಂದದ್ದೆಂದು ಹೆಚ್ಚಿನವರು ಒಪ್ಪುತ್ತಾರೆ. ಅಂದರೆ ಫುರೊ ಹಬೆಯ ಸ್ನಾನ. ಬಿಸಿನೀರಿನ ಸ್ನಾನಕ್ಕೆ ‘ಯು’ ಎಂಬ ಬೇರೆ ಮಾತೇ ಇತ್ತು. ಕ್ಯೋಟೋದ ಉತ್ತರದಲ್ಲಿರುವ ಯಾಸೆ ಎಂಬ ಊರಿನಲ್ಲಿ ಹಳೆಯ ಬಗೆಯ ‘ಕಾಮಾಬುರೊ’ ಒಂದು ಉಳಿದಿದೆ. ನೋಡಲು ಮಣ್ಣು ಮೆತ್ತಿದ ದೊಡ್ಡ ಗುಮ್ಮಟದ ಗೂಡು. ಒಳಗೆ ಪೈನ್ ಮರದ ಹಸಿ ಕೊಂಬೆಗಳನ್ನು ಉರಿಸಿ, ಗೋಡೆ ಕಾದ ಮೇಲೆ ಬೂದಿ ಬಳಿದು ತೆಗೆದು, ಉಪ್ಪುನೀರಿನಲ್ಲಿ ನೆನೆಸಿದ ಚಾಪೆ ಹಾಸಿ, ಅದರ ಮೇಲೆ ಮಲಗಿ ಬೆವರುತ್ತಿದ್ದರು. 672ರ ಅಂತರ್ಯುದ್ಧದಲ್ಲಿ ಬೆನ್ನಿಗೆ ಬಾಣ ತಗುಲಿದ್ದ ದೊರೆ, ಮುಂದೆ ತೆಮ್ಮು ಚಕ್ರವರ್ತಿಯಾದವನು, ಇಲ್ಲಿ ಗಾಯ ಮಾಯಿಸಿಕೊಂಡನೆಂದು ಊರಿನ ಐತಿಹ್ಯ ಹೇಳುತ್ತದೆ. ಬಾಣ ‘ಯಾ’, ಬೆನ್ನು ‘ಸೆ’. ಊರಿನ ಹೆಸರನ್ನೂ ಕಥೆ ಹೀಗೆ ಬಿಡಿಸಿಕೊಂಡಿದೆ. ಸೆಟೊ ಒಳಸಮುದ್ರದ ದಡದ ಊರುಗಳಲ್ಲಿ ಇದೇ ಕೆಲಸವನ್ನು ಕಲ್ಲಿನ ಗವಿಗಳು ಮಾಡುತ್ತಿದ್ದವು.

ಬಿಸಿನೀರು ಕಾಯಿಸಿ ಮೈ ತೊಳೆಯುವುದಕ್ಕೆ ಶಾಸ್ತ್ರದ ಬಲ ಕೊಟ್ಟದ್ದು ಬೌದ್ಧಧರ್ಮ. ಆ ಶಾಸ್ತ್ರ ಹೊರಟದ್ದು ಭಾರತದಿಂದ. ಪಾಲಿ ವಿನಯಪಿಟಕದಲ್ಲಿ ರಾಜಗೃಹದ ವೈದ್ಯ ಜೀವಕ, ಭಿಕ್ಷುಗಳ ಮೈಗೆ ಜಡ್ಡು ಹಿಡಿಯುತ್ತಿದೆ, ಬೆಂಕಿಯಿಂದ ಕಾಯಿಸಿದ ಸ್ನಾನದ ಕೋಣೆಗೆ ಒಪ್ಪಿಗೆ ಬೇಕು ಎಂದು ಬುದ್ಧನನ್ನು ಕೇಳುತ್ತಾನೆ. ಆ ಕೋಣೆಗೆ ‘ಜಂತಾಘರ’ ಎಂದು ಹೆಸರು. ಇದೇ ಜೀವಕನನ್ನು ಮುಂದಿಟ್ಟುಕೊಂಡ ಸ್ನಾನಗೃಹದ ಸೂತ್ರವೊಂದು ಚೀನೀ ಭಾಷೆಯಲ್ಲಿದೆ. ಅನುವಾದವನ್ನು ಎರಡನೆಯ ಶತಮಾನದ ಪಾರ್ಥಿಯನ್ ಭಿಕ್ಷು ಆನ್ ಷಿಗಾವೋನ ಹೆಸರಿಗೆ ಹಚ್ಚುತ್ತಾರೆ. ಸ್ನಾನಕ್ಕೆ ಏಳು ಸಾಮಗ್ರಿ ಬೇಕೆಂದು ಆ ಸೂತ್ರ ಪಟ್ಟಿ ಮಾಡುತ್ತದೆ: ಬೆಂಕಿ, ಶುದ್ಧವಾದ ನೀರು, ಕಾಳಿನ ಹಿಟ್ಟು, ಬೆಣ್ಣೆಯಿಂದ ಮಾಡಿದ ಲೇಪ, ನಯವಾದ ಬೂದಿ, ಹಲ್ಲುಜ್ಜುವ ಕಡ್ಡಿ, ಒಳ ಉಡುಪು. ಎಣ್ಣೆ ಹಚ್ಚಿ ಕಡಲೆಹಿಟ್ಟು ತಿಕ್ಕಿ ತಲೆಗೆ ಎರೆದುಕೊಳ್ಳುವ ಕನ್ನಡದ ಮನೆಗಳಿಗೆ ಈ ಪಟ್ಟಿಯಲ್ಲಿ ಅಪರಿಚಿತವಾದುದು ಹೆಚ್ಚೇನಿಲ್ಲ. ಹೀಗೆ ಮೀಯಿಸಿದರೆ ಏಳು ರೋಗ ಹೋಗಿ ಏಳು ಪುಣ್ಯ ಬರುತ್ತವೆ ಎಂಬ ಭರವಸೆಯೂ ಅಲ್ಲಿದೆ.

ಈ ಸೂತ್ರ ಜಪಾನಿಗೆ ಬಂದ ಮೇಲೆ ದೊಡ್ಡ ದೇವಾಲಯಗಳೆಲ್ಲ ಬಿಸಿನೀರಿನ ಮನೆ ಕಟ್ಟಿಕೊಂಡವು. ಭಿಕ್ಷುಗಳ ಸ್ನಾನ ಮುಗಿದ ಮೇಲೆ ಬಡವರಿಗೂ ರೋಗಿಗಳಿಗೂ ಅಲ್ಲಿ ಬಾಗಿಲು ತೆರೆಯುತ್ತಿತ್ತು. ಎಂಟನೆಯ ಶತಮಾನದ ಕೋಮ್ಯೊ ಮಹಾರಾಣಿ ಸಾವಿರ ಜನರ ಮೈಯನ್ನು ತನ್ನ ಕೈಯಾರೆ ತೊಳೆಯುವ ಹರಕೆ ಹೊತ್ತಳು, ಸಾವಿರದನೆಯವನಾಗಿ ಬಂದ ಕುಷ್ಠರೋಗಿ ಅಕ್ಷೋಭ್ಯ ಬುದ್ಧನಾಗಿ ಬೆಳಗಿದ ಎಂಬ ಕಥೆ ನಾರಾ ಪಟ್ಟಣದ ಹೊಕ್ಕೆಜಿ ದೇವಾಲಯಕ್ಕೆ ಅಂಟಿಕೊಂಡಿದೆ. ಕಥೆಗಿಂತ ಗಟ್ಟಿಯಾದ ಸಾಕ್ಷಿ ಅದೇ ಊರಿನ ತೋದಾಯ್‌ಜಿಯಲ್ಲಿದೆ. 1180ರಲ್ಲಿ ತಾಯ್ರಾ ವಂಶದ ಸೈನ್ಯ ಆ ದೇವಾಲಯವನ್ನು ಸುಟ್ಟಿತು. ಊರೂರು ತಿರುಗಿ ಹಣ ಕೂಡಿಸಿ ಅದನ್ನು ಮತ್ತೆ ಕಟ್ಟಿದ ಭಿಕ್ಷು ಚೋಗೆನ್, ಬುದ್ಧನ ಮಹಾಮೂರ್ತಿಯ ಜೊತೆಗೆ ಸ್ನಾನದ ಮನೆಯನ್ನೂ ನೆನಪಿಟ್ಟುಕೊಂಡಿದ್ದ. ಅವನು 1197ರಲ್ಲಿ ಎರಕ ಹೊಯ್ಯಿಸಿದ ಕಬ್ಬಿಣದ ತೊಟ್ಟಿ, ಎರಡು ಮೀಟರಿಗೂ ಮಿಕ್ಕಿದ ಅಡ್ಡಳತೆಯದು, ಈಗಲೂ ಅಲ್ಲಿದೆ. ಅಷ್ಟು ಕಬ್ಬಿಣ, ಅಷ್ಟು ಸೌದೆ ದೇವಾಲಯಕ್ಕೆ ಸಾಧ್ಯವಿತ್ತು. ಮನೆವಂದಿಗರಿಗೆ ಆ ಮಾತು ದೂರ.

ಕಾಸು ಕೊಟ್ಟು ಮೀಯುವ ಮನೆಗಳು ಎದೊ ನಗರದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಬೇಗ ಬೇರುಬಿಟ್ಟವು. ಮುಂದೆ ಜಪಾನನ್ನು ಆಳಿದ ತೊಕುಗಾವಾ ಇಯೆಯಾಸು ಅಲ್ಲಿಗೆ ಬಂದು ನೆಲೆಸಿದ್ದು 1590ರಲ್ಲಿ. ಮರುವರ್ಷವೇ ಇಸೆ ಯೊಯಿಚಿ ಎಂಬವನು ಝೆನಿಗಾಮೆ ಸೇತುವೆಯ ಹತ್ತಿರ ಒಂದು ಕಾಸಿನ ದರದಲ್ಲಿ ಸ್ನಾನದ ಮನೆ ತೆರೆದ. ಅದೂ ಹಬೆಯದೇ. ಮುಂದೆ ಬಂದ ‘ತೊದಾನಾಬುರೊ’ ಅರ್ಧ ಹಬೆ, ಅರ್ಧ ನೀರು: ಕಪಾಟಿನಂಥ ಮುಚ್ಚಿದ ಕೋಣೆ, ನೆಲದಲ್ಲಿ ಮೊಣಕಾಲಿಗೂ ಸಾಲದಷ್ಟು ಬಿಸಿನೀರು, ಮೈಯ ಮೇಲ್ಭಾಗಕ್ಕೆಲ್ಲ ಹಬೆ. ಕಾಯಿಸಬೇಕಾದ ನೀರು ಕಡಿಮೆ ಎಂಬುದೇ ಅದರ ಅನುಕೂಲ. ಬಾಗಿಲು ತೆಗೆದಾಗೆಲ್ಲ ಹಬೆ ಓಡಿಹೋಗುತ್ತದಲ್ಲ, ಅದಕ್ಕೆ ಬಾಗಿಲನ್ನೇ ತೆಗೆದುಹಾಕಿ, ಮೇಲಿನಿಂದ ಇಳಿಬಿಟ್ಟ ಹಲಗೆಯ ಗೋಡೆಯ ಕೆಳಗೆ ನುಸುಳಿ ಹೋಗುವಷ್ಟೇ ಕಿಂಡಿ ಬಿಟ್ಟರು. ಈ ಕಿಂಡಿಗೆ ‘ಝಾಕುರೊಗುಚಿ’, ಅಂದರೆ ದಾಳಿಂಬೆಬಾಯಿ ಎಂದು ಹೆಸರು. ಆಗಿನ ಲೋಹದ ಕನ್ನಡಿಗಳನ್ನು ದಾಳಿಂಬೆಯ ಹುಳಿರಸದಿಂದ ಉಜ್ಜಿ ಬೆಳಗಿಸುತ್ತಿದ್ದರು. ‘ಬಗ್ಗಿ ಒಳಹೋಗು’ ಎನ್ನುವ ಮಾತೂ ಕನ್ನಡಿಗೆ ಸಂಬಂಧಿಸಿದ ಮಾತೂ ಜಪಾನಿಯಲ್ಲಿ ಒಂದೇ ಥರ ಕೇಳುತ್ತವೆ. ಆ ಶ್ಲೇಷೆಯಿಂದ ಬಂದ ಹೆಸರು. ಒಳಗೆ ಕಗ್ಗತ್ತಲು. ಪಕ್ಕದಲ್ಲಿ ಕೂತವರ ಮುಖ ಕಾಣದು, ನೀರಿನ ಬಣ್ಣವೂ ಕಾಣದು. ಎರಡನೆಯದು ಕಾಣದಿದ್ದದ್ದೇ ಒಳ್ಳೆಯದಾಯಿತು ಎನ್ನಬೇಕು.

ಎದೊದ ಜನ ತಮ್ಮ ಮನೆಯಲ್ಲೇ ನೀರು ಕಾಯಿಸದೆ ಹೊರಗೆ ಹೋಗಲು ಬಲವಾದ ಕಾರಣವಿತ್ತು. ಊರೆಲ್ಲ ಮರದ ಮನೆ; 1657ರ ಬೆಂಕಿಯಲ್ಲಿ ನಗರದ ಬಹುಭಾಗ ಸುಟ್ಟುಹೋಗಿತ್ತು. ದೊಡ್ಡ ವ್ಯಾಪಾರಿಗಳೂ ಬೆಂಕಿಯ ಭಯಕ್ಕೆ ಮನೆಯಲ್ಲಿ ನೀರೊಲೆ ಇಡುತ್ತಿರಲಿಲ್ಲ. ಜೋರು ಗಾಳಿ ಬೀಸಿದ ದಿನ ಸ್ನಾನದ ಮನೆಗಳೇ ಒಲೆ ಆರಿಸಿ ಬಾಗಿಲು ಹಾಕಬೇಕಿತ್ತು. ಸೌದೆ ದುಬಾರಿ, ನೀರೂ ಸುಲಭವಲ್ಲ. ತಾಮಾ ನದಿಯಿಂದ ನಗರಕ್ಕೆ ನೀರು ತರಲು 1653ರ ಹೊತ್ತಿಗೆ 43 ಕಿಲೋಮೀಟರ್ ಕಾಲುವೆ ತೋಡಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಎದೊದಲ್ಲಿ 500ಕ್ಕೂ ಹೆಚ್ಚು ಸ್ನಾನದ ಮನೆಗಳಿದ್ದವು. ಅಲ್ಲಿನ ಹರಟೆ, ಜಗಳ, ಹಾಡು, ಬಡಾಯಿಗಳೇ ಶಿಕಿತೆಯ್ ಸಾಂಬಾ 1809ರಿಂದ ಬಿಡಿಬಿಡಿಯಾಗಿ ಪ್ರಕಟಿಸಿದ ‘ಉಕಿಯೊಬುರೊ’ ಎಂಬ ಹಾಸ್ಯಕೃತಿಯ ಸರಕು.

ಕತ್ತುಮಟ್ಟದ ನೀರಿನಲ್ಲಿ ಕೂರುವ ‘ಸುಎಫುರೊ’ ಬಳಕೆಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಅದರ ಆಕಾರ ಬಂದದ್ದು ಪೀಪಾಯಿಯಿಂದ. ಮರದ ಪಟ್ಟಿಗಳನ್ನು ನಿಲ್ಲಿಸಿ ಬಿದಿರು ದಬ್ಬೆಯ ಬಳೆಯಿಂದ ಬಿಗಿಯುವ ಕಸುಬು ಅದಕ್ಕೆ ಮೊದಲೇ ಜಪಾನಿನಲ್ಲಿ ಹಬ್ಬಿತ್ತು. ಅಕ್ಕಿಯ ಮದ್ಯ ‘ಸಾಕೆ’, ಸೋಯಾ ರಸ, ಉಪ್ಪಿನಕಾಯಿ ಎಲ್ಲದಕ್ಕೂ ಇಂಥ ಪೀಪಾಯಿಯೇ. ನಿಲ್ಲಿಸಿದ ಪೀಪಾಯಿಗೆ ಮನುಷ್ಯ ಇಳಿದರೆ ಕೂರಲೇಬೇಕು, ಕಾಲು ಚಾಚುವ ಪ್ರಶ್ನೆಯೇ ಇಲ್ಲ. ಆಳದಿಂದ ಶಾಖವೂ ಉಳಿಯುತ್ತದೆ. 300 ಲೀಟರ್ ನೀರು 60 ಸೆಂಟಿಮೀಟರ್ ಆಳಕ್ಕೆ ನಿಂತರೆ ಗಾಳಿಗೆ ತೆರೆದ ಮೇಲ್ಮೈ ಅರ್ಧ ಚದರ ಮೀಟರ್. ಅದೇ ನೀರು 40 ಸೆಂಟಿಮೀಟರಿಗೆ ನಿಂತರೆ ಮುಕ್ಕಾಲು ಚದರ ಮೀಟರ್. ಬಿಸಿನೀರು ತಣ್ಣಗಾಗುವುದು ಹೆಚ್ಚಾಗಿ ಆ ಮೇಲ್ಮೈಯಿಂದಲೇ. ಅದರ ಮೇಲೊಂದು ಹಲಗೆ ಮುಚ್ಚಿಬಿಟ್ಟರೆ ಒಬ್ಬರಾದ ಮೇಲೊಬ್ಬರು ಇಳಿಯುವವರೆಗೆ ಬಿಸಿ ಕಾಯ್ದುಕೊಂಡಿರುತ್ತದೆ.

ನೀರು ಕಾಯಿಸುವ ಬಗೆಯಲ್ಲಿ ಜಪಾನಿನ ಪೂರ್ವ ಪಶ್ಚಿಮಗಳು ಬೇರೆ ದಾರಿ ಹಿಡಿದವು. ಎದೊ ಕಡೆಯದು ‘ತೆಪ್ಪೊಬುರೊ’: ಮರದ ತೊಟ್ಟಿಯ ಒಂದು ಅಂಚಿನಲ್ಲಿ ಲೋಹದ ಕೊಳವೆ ನಿಲ್ಲಿಸಿ ಅದರೊಳಗೆ ಕೆಂಡ ಹಾಕುವುದು. ಕೊಳವೆ ಕೋವಿಯಂತೆ ಕಂಡದ್ದರಿಂದ ಕೋವಿಸ್ನಾನ. ಕ್ಯೋಟೋ–ಒಸಾಕಾ ಕಡೆಯದು ‘ಗೊಎಮೊನ್‌ಬುರೊ’: ಒಲೆಯ ಮೇಲೆ ಕಬ್ಬಿಣದ ತಳ, ಅದರ ಮೇಲೆ ಮರದ ತೊಟ್ಟಿ, ಕೆಳಗೆ ನೇರ ಬೆಂಕಿ. ಕನ್ನಡದ ಬಚ್ಚಲಮನೆಯಲ್ಲಿ ಹಂಡೆಯ ನೀರನ್ನು ತಂಬಿಗೆಯಿಂದ ಮೊಗೆದು ಹೊಯ್ದುಕೊಳ್ಳುತ್ತಾರೆ. ಇಲ್ಲಿ ಹಂಡೆಯೊಳಗೇ ಇಳಿಯುವುದು. ಹೆಸರು ಇಶಿಕಾವಾ ಗೊಎಮೊನ್ ಎಂಬ ಕಳ್ಳನದು. 1594ರಲ್ಲಿ ಕ್ಯೋಟೋದ ನದೀದಂಡೆಯಲ್ಲಿ ಅವನನ್ನು ಕೊಪ್ಪರಿಗೆಯಲ್ಲಿ ಕುದಿಸಿ ಕೊಂದಿದ್ದರು. ಹಿತವಾದ ಸ್ನಾನಕ್ಕೆ ಇಂಥ ಹೆಸರಿಟ್ಟವರ ಹಾಸ್ಯ ಸ್ವಲ್ಪ ಕಪ್ಪೇ.

ಕಾದ ಕಬ್ಬಿಣದ ಮೇಲೆ ಬರಿಗಾಲು ಇಡುವಂತಿಲ್ಲ. ಅದಕ್ಕೊಂದು ದುಂಡು ಹಲಗೆ ನೀರಿನ ಮೇಲೆ ತೇಲುತ್ತಿರುತ್ತದೆ. ಸರಿಯಾಗಿ ನಡುವಿಗೆ ಕಾಲಿಟ್ಟು ಮೈಭಾರ ಬಿಟ್ಟರೆ ಹಲಗೆ ಮೆಲ್ಲಗೆ ತಳಕ್ಕೆ ಕೂರುತ್ತದೆ, ಮನುಷ್ಯ ಅದರ ಮೇಲೆ. ಜಿಪ್ಪೆನ್‌ಶಾ ಇಕ್ಕು 1802ರಿಂದ ಬರೆದ ‘ಹಿಝಾಕುರಿಗೆ’ ಎಂಬ ಪ್ರವಾಸದ ಹಾಸ್ಯಕಥೆಯಲ್ಲಿ ಯಾಜಿ, ಕಿತಾ ಎಂಬ ಇಬ್ಬರು ಎದೊದವರು ಒದಾವಾರಾದ ತಂಗುಮನೆಯಲ್ಲಿ ಮೊದಲ ಸಲ ಇಂಥ ತೊಟ್ಟಿ ನೋಡುತ್ತಾರೆ. ತೇಲುವ ಹಲಗೆಯನ್ನು ಮುಚ್ಚಳವೆಂದು ತಿಳಿದು ತೆಗೆದಿಟ್ಟು ಇಳಿದು, ಕಾಲು ಸುಟ್ಟುಕೊಂಡು, ಕೊನೆಗೆ ಮರದ ಪಾದುಕೆ ಮೆಟ್ಟಿ ತೊಟ್ಟಿಯಲ್ಲಿ ಕೂರುತ್ತಾರೆ. ಕುಣಿದಾಟಕ್ಕೆ ತಳ ಒಡೆದು ನೀರೆಲ್ಲ ಒಲೆಗೆ ಬಿದ್ದು, ಮನೆಯೊಡೆಯನಿಗೆ ದಂಡ ಕಟ್ಟುವಲ್ಲಿಗೆ ಆ ಪ್ರಸಂಗ ಮುಗಿಯುತ್ತದೆ. ನಗೆಯ ನಡುವೆಯೇ ಇಕ್ಕು ತೊಟ್ಟಿಯ ರಚನೆಯನ್ನೂ ವಿವರಿಸುತ್ತಾನೆ: ತಳ ತೆಳ್ಳಗಿನ ಕಾವಲಿಯಂಥದು, ಹಾಗಾಗಿ ಸೌದೆ ಕಡಿಮೆ ಸಾಕು, ಲಾಭದ ವಸ್ತು. ತೊಟ್ಟಿಯ ಗುಣ ಹೇಳುವಾಗ ಅವನಿಗೆ ಮೊದಲು ನೆನಪಾದದ್ದು ಸುಖವಲ್ಲ, ಉಳಿತಾಯ.

ಮರದ ಆಯ್ಕೆ ಕಸುಬುದಾರರ ಒಳಮಾತು. ಸುಗಂಧಕ್ಕೆ ಹಿನೊಕಿ, ಹಗುರಕ್ಕೆ ಸಾವಾರಾ, ನೀರಿನಲ್ಲಿ ಬಾಳಿಕೆಗೆ ಕೋಯಾಮಾಕಿ, ಉತ್ತರದ ಕಡೆ ಹಿಬಾ. ಈ ನಾಲ್ಕೂ, ಜೊತೆಗೆ ನೆಝುಕೊ ಎಂಬ ಇನ್ನೊಂದು ಮರ, ಮಧ್ಯ ಜಪಾನಿನ ಕಿಸೊ ಕಣಿವೆಯ ಐದು ಮರಗಳೆಂದು ಹೆಸರಾಗಿದ್ದವು. ಅಲ್ಲಿನ ಕಾಡು ಒವಾರಿ ಸಂಸ್ಥಾನದ ಕಾವಲಿನಲ್ಲಿತ್ತು. ಕದ್ದು ಕಡಿದವರಿಗೆ ಒಂದು ಮರಕ್ಕೆ ಒಂದು ತಲೆ ಎಂಬ ಮಾತು ಆ ಸೀಮೆಯಲ್ಲಿ ಇನ್ನೂ ಉಳಿದಿದೆ. ತೊಟ್ಟಿ ಕಟ್ಟುವವನು ಪಟ್ಟಿಗಳ ಅಂಚನ್ನು ಓರೆಯಾಗಿ ಹೆರೆದು, ಪಟ್ಟಿಗೂ ಪಟ್ಟಿಗೂ ಬಿದಿರಿನ ಮೊಳೆ ಕೊಟ್ಟು ಜೋಡಿಸುತ್ತಾನೆ. ಕಬ್ಬಿಣದ ಮೊಳೆ ಇಲ್ಲ. ಸುತ್ತ ಬಿದಿರಿನ ಬಳೆ, ಈಚೆಗೆ ತಾಮ್ರದ್ದು. ಸಂದು ಬಿಟ್ಟಲ್ಲಿ ಮರದ ತೊಗಟೆಯ ನಾರು ತುಂಬುತ್ತಾನೆ. ಉಳಿದ ಕೆಲಸವನ್ನು ನೀರೇ ಮಾಡುತ್ತದೆ: ಮರ ನೀರು ಕುಡಿದು ಉಬ್ಬುತ್ತದೆ, ಬಳೆ ಹೊರಗೆ ಹಿಗ್ಗಲು ಬಿಡುವುದಿಲ್ಲ, ಸಂದುಗಳು ತಾವಾಗಿ ಬಿಗಿಯುತ್ತವೆ. ಮನೆಬಳಕೆಯ ತೊಟ್ಟಿಗಳಲ್ಲಿ ಹೆಚ್ಚಿನವು ಅಂಡಾಕಾರದವು. ಹಳೆಯ ಚಿನ್ನದ ನಾಣ್ಯ ‘ಕೊಬಾನ್’ ಹಾಗೆ ಕಾಣುವುದರಿಂದ ಅವಕ್ಕೆ ಅದೇ ಹೆಸರು.

ಮನೆಮಂದಿಯೆಲ್ಲ ಒಂದೇ ನೀರಿಗೆ ಇಳಿಯುವುದೇ ಎಂಬ ಪ್ರಶ್ನೆ ಕನ್ನಡದ ಓದುಗರಿಗೆ ಮೊದಲೇ ಎದ್ದಿರುತ್ತದೆ. ಉತ್ತರ ತೊಟ್ಟಿಯ ಹೊರಗಿದೆ. ಮೈ ತಿಕ್ಕುವುದು, ತಲೆ ತೊಳೆಯುವುದು, ಸೋಪಿನ ನೊರೆ ಹೋಗುವ ತನಕ ನೀರು ಹೊಯ್ದುಕೊಳ್ಳುವುದು ಎಲ್ಲವೂ ಹೊರಗೆ, ಗಿಡ್ಡ ಮಣೆಯ ಮೇಲೆ ಕೂತು. ತೊಟ್ಟಿಗೆ ಇಳಿಯುವುದು ಮೈ ಶುದ್ಧವಾದ ಮೇಲೆ. 40ರಿಂದ 42 ಡಿಗ್ರಿಯ ನೀರಿನಲ್ಲಿ ಬೆಚ್ಚಗಾಗುವುದಷ್ಟೇ ಅಲ್ಲಿನ ಕೆಲಸ. ಸರದಿಗೂ ಕಟ್ಟಳೆ ಇತ್ತು: ನೆಂಟರು ಬಂದಿದ್ದರೆ ಮೊದಲು ಅವರು, ಆಮೇಲೆ ಯಜಮಾನ, ಗಂಡುಮಕ್ಕಳು, ಹೆಂಗಸರು. ಸೊಸೆಯದು ಕೊನೆ. ಎಲ್ಲರಿಗಾಗಿ ಒಲೆಯ ಮುಂದೆ ಕೂತು ಊದಿದವಳಿಗೆ ಸಿಗುತ್ತಿದ್ದದ್ದು ಎಲ್ಲರೂ ಇಳಿದೆದ್ದ ನೀರು. ಹಳ್ಳಿಗಳಲ್ಲಿ ‘ಮೊರಾಯ್‌ಯು’ ಎಂಬ ಪದ್ಧತಿ ಇತ್ತು. ನೆರೆಹೊರೆಯವರು ಸರದಿಯ ಮೇಲೆ ನೀರು ಕಾಯಿಸಿ, ಕಾಯಿಸಿದವರ ಮನೆಗೆ ಉಳಿದವರು ಹೋಗುತ್ತಿದ್ದರು. ತೊಟ್ಟಿಯಲ್ಲಿ ಮಿಕ್ಕ ನೀರು ಮರುದಿನ ಬಟ್ಟೆ ಒಗೆಯಲು. ಆ ರೂಢಿ ಎಷ್ಟು ಗಟ್ಟಿಯೆಂದರೆ, ತೊಟ್ಟಿಯ ನೀರನ್ನು ಎಳೆದುಕೊಳ್ಳುವ ಪಂಪು ಇರುವ ವಾಷಿಂಗ್ ಮಷೀನುಗಳು ಜಪಾನಿನಲ್ಲಿ ಮಾಮೂಲು.

ಮೆಯ್‌ಜಿ ಚಕ್ರವರ್ತಿಯ ಕಾಲದಲ್ಲಿ ಕತ್ತಲೆಯ ಸ್ನಾನದ ಮನೆಗಳಿಗೆ ಬೆಳಕು ಬಂತು. 1877ರಲ್ಲಿ ಟೋಕಿಯೋದ ಕಾಂದಾದಲ್ಲಿ ತ್ಸುರುಸಾವಾ ಮೊನ್‌ಝಾಎಮೊನ್ ಎಂಬವನು ದಾಳಿಂಬೆಬಾಯಿಯನ್ನು ಕಿತ್ತುಹಾಕಿ, ಸೂರು ಎತ್ತರಿಸಿ, ಹಬೆ ಹೋಗಲು ಗವಾಕ್ಷಿ ಬಿಟ್ಟು, ಮೈ ತೊಳೆಯಲು ಅಗಲವಾದ ಜಾಗ ಬಿಟ್ಟು ಕಟ್ಟಿದ ‘ಸುಧಾರಿತ ಸ್ನಾನ’ ಉಳಿದವರಿಗೆ ಮಾದರಿಯಾಯಿತು. ಅದೇ ವರ್ಷ ಟೋಕಿಯೋಗೆ ಬಂದು ಪ್ರಾಣಿಶಾಸ್ತ್ರ ಕಲಿಸಿದ ಅಮೆರಿಕದ ಎಡ್ವರ್ಡ್ ಮೋರ್ಸ್, ಜಪಾನಿನ ಮನೆಗಳ ಬಗ್ಗೆ 1886ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ತೊಟ್ಟಿಗಳ ಚಿತ್ರವನ್ನೂ ಬರೆದ. ತೊಟ್ಟಿಯೊಳಗೇ ಒಲೆ ಇರುವ ಸಂಗತಿ ಪಶ್ಚಿಮದ ಓದುಗರಿಗೆ ಹೊಸದಾಗಿತ್ತು.

ಸಾಮಾನ್ಯ ಜಪಾನಿಯ ಮನೆಯೊಳಗೆ ಸ್ವಂತ ತೊಟ್ಟಿ ಬಂದದ್ದು ಎರಡನೆಯ ಮಹಾಯುದ್ಧದ ನಂತರ. 1955ರಲ್ಲಿ ಸ್ಥಾಪನೆಯಾದ ಜಪಾನ್ ವಸತಿ ನಿಗಮ ಮರುವರ್ಷ ಒಸಾಕಾ ಬಳಿಯ ಸಾಕಾಯ್‌ನಲ್ಲಿ ಕಾನಾಒಕಾ ಬಡಾವಣೆಯಿಂದ ಮೊದಲುಮಾಡಿ ಕಾಂಕ್ರೀಟಿನ ವಠಾರಗಳನ್ನು ಕಟ್ಟಿ, ಪ್ರತಿ ಮನೆಗೂ ಸ್ನಾನದ ಕೋಣೆ ಕೊಟ್ಟಿತು. ಕಾಂಕ್ರೀಟಿನ ಒಳಗೆ ಇಟ್ಟದ್ದು ಮತ್ತೆ ಅದೇ ಮರದ ಅಂಡಾಕಾರದ ತೊಟ್ಟಿ. ಸೌದೆಯ ಬದಲು ಗ್ಯಾಸ್. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಇಂಗಾಲದ ಮಾನಾಕ್ಸೈಡಿನಿಂದ ಸಾವುಗಳಾದವು. ಬೇಕಾದ ಗಾಳಿಯನ್ನು ಗೋಡೆಯಾಚೆಯಿಂದ ಎಳೆದು, ಹೊಗೆಯನ್ನು ಅಲ್ಲಿಗೇ ಬಿಡುವ ಮುಚ್ಚಿದ ಹೀಟರ್, ‘ಬ್ಯಾಲೆನ್ಸ್ ಗಾಮಾ’, 1965ರ ಸುಮಾರಿಗೆ ಬಂತು. ಅದು ತೊಟ್ಟಿಯ ಪಕ್ಕದಲ್ಲೇ ಕೂತು ಜಾಗ ತಿಂದದ್ದರಿಂದ ತೊಟ್ಟಿಗೆ ಉಳಿದದ್ದು 80 ಸೆಂಟಿಮೀಟರ್ ಉದ್ದ. ಕಾಲು ಚಾಚಲು ಎಡೆಯಿಲ್ಲದಲ್ಲಿ ಆಳವೊಂದೇ ದಾರಿ. ಮನೆಯಲ್ಲೇ ಬಿಸಿನೀರು ಸಿಕ್ಕ ಮೇಲೆ 1968ರ ಹೊತ್ತಿಗೆ ಸುಮಾರು 18,000 ಮುಟ್ಟಿದ್ದ ಸಾರ್ವಜನಿಕ ಸ್ನಾನದ ಮನೆಗಳು ಒಂದೊಂದಾಗಿ ಮುಚ್ಚತೊಡಗಿದವು.

ಅಚ್ಚಿನಲ್ಲಿ ಎರಕ ಹೊಯ್ದ ಸ್ನಾನದ ಕೋಣೆ 1964ರ ಟೋಕಿಯೋ ಒಲಿಂಪಿಕ್ಸಿನ ಅವಸರದ ಕೂಸು. ಹೋಟೆಲ್ ನ್ಯೂ ಓಟಾನಿಯ ಸಾವಿರಕ್ಕೂ ಹೆಚ್ಚು ಕೋಣೆಗಳು ಆಟ ಶುರುವಾಗುವ ಮೊದಲೇ ಮುಗಿಯಬೇಕಿತ್ತು. ಒಂದೊಂದಕ್ಕೂ ಟೈಲ್ಸ್ ಹಚ್ಚಿ, ನೀರು ಸೋರದಂತೆ ಗಾರೆ ಮಾಡಿ, ಒಣಗಲು ಬಿಡಲು ಹೊತ್ತಿರಲಿಲ್ಲ. 1917ರಲ್ಲಿ ಹುಟ್ಟಿದ ಪಿಂಗಾಣಿ ಕಂಪನಿ ತೋಯೊ ತೋಕಿ, ಈಗಿನ ಟೋಟೊ, ಗಾಜುನಾರು ಸೇರಿಸಿದ ಪ್ಲಾಸ್ಟಿಕ್ಕಿನಲ್ಲಿ ನೆಲ, ತೊಟ್ಟಿ, ಗೋಡೆಗಳನ್ನು ಕಾರ್ಖಾನೆಯಲ್ಲೇ ಮಾಡಿ ತಂದು ಜೋಡಿಸಿತು. ಇದೇ ‘ಯೂನಿಟ್ ಬಾತ್’. ವಿದೇಶೀ ಅತಿಥಿಗಳಿಗೆಂದು ಮಾಡಿದ್ದರಿಂದ ಅಲ್ಲಿನ ತೊಟ್ಟಿ ಪಾಶ್ಚಾತ್ಯ ಬಗೆಯದು. ಮನೆಗಳಿಗೆ ಇಳಿಯುವಾಗ ಅದು ರಾಜಿ ಮಾಡಿಕೊಂಡಿತು: 50ರಿಂದ 55 ಸೆಂಟಿಮೀಟರ್ ಆಳ, ಕಾಲು ಸ್ವಲ್ಪ ಚಾಚುವಷ್ಟು ಉದ್ದ. ಈಗಿನ ಜಪಾನಿ ಮನೆಗಳಲ್ಲಿ ಈ ಮಿಶ್ರ ಬಗೆಯದೇ ಹೆಚ್ಚು. ಸ್ನಾನದ ಕೋಣೆಯ ಅಳತೆಯೂ ಅಚ್ಚಿಗೆ ಕೂತಿದೆ; ಒಳಗೆ 1.6 ಮೀಟರ್ ಚೌಕ ಇದ್ದರೆ ವ್ಯಾಪಾರದಲ್ಲಿ ಅದು ‘1616’. ಹಳೆಯದನ್ನು ತೆಗೆಸಿ ಹೊಸದು ಹಾಕಿಸುವವರು ಆ ಅಂಕಿ ಹೇಳಿದರೆ ಸಾಕು.

ಆಳದ ತೊಟ್ಟಿ ಪಶ್ಚಿಮಕ್ಕೆ ಹೋದಾಗ ಅಲ್ಲೊಂದು ಬೇರೆಯೇ ವಂಶ ಬೆಳೆದು ನಿಂತಿತ್ತು. ವಿಸ್ಕಾನ್ಸಿನ್ನಿನ ಜಾನ್ ಮೈಕೆಲ್ ಕೋಲರ್ 1883ರಲ್ಲಿ, ಕುದುರೆಗಳು ನೀರು ಕುಡಿಯುವ ಎರಕದ ಬಾನಿಗೆ ಎನಾಮಲ್ ಬಳಿದು ನಾಲ್ಕು ಕಾಲು ಹಚ್ಚಿ ಸ್ನಾನದ ತೊಟ್ಟಿ ಎಂದು ಮಾರಿದ ಎಂಬುದು ಆ ಕಂಪನಿ ತಾನೇ ಹೇಳಿಕೊಳ್ಳುವ ಹುಟ್ಟುಕಥೆ. ಅಮೆರಿಕದಲ್ಲಿ ಮುಂದೆ ರೂಢಿಯಾದದ್ದು ಮೂರು ಗೋಡೆಗಳ ನಡುವೆ ಕೂರುವ ಐದಡಿ ಉದ್ದದ ತೊಟ್ಟಿ. ಹೆಚ್ಚಿನ ನೀರು ಹೊರಹೋಗುವ ತೂತು ಅದರಲ್ಲಿ ಎಷ್ಟು ಕೆಳಗಿತ್ತೆಂದರೆ ನೀರು ಒಂದಡಿ ಆಸುಪಾಸಿಗೇ ನಿಲ್ಲುತ್ತಿತ್ತು. ಅಲ್ಲೇ ಸೋಪು, ಅಲ್ಲೇ ಕೊಳೆ, ಒಬ್ಬರಾದೊಡನೆ ನೀರು ಖಾಲಿ; ಆಳದ ಅಗತ್ಯ ಯಾರಿಗೂ ಬರಲಿಲ್ಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹಿತ್ತಲುಗಳಲ್ಲಿ ಹಳೆಯ ವೈನ್ ಪೀಪಾಯಿಗಳಲ್ಲೂ ರೆಡ್‌ವುಡ್ ತೊಟ್ಟಿಗಳಲ್ಲೂ ಕೂರುವ ಗೀಳು ಹತ್ತಿದ ಮೇಲೆ ಕತ್ತುಮಟ್ಟದ ನೀರಿಗೆ ಅಲ್ಲಿ ಮಾರುಕಟ್ಟೆ ಸಿಕ್ಕಿತು.

ಹೊರನಾಡಿನ ಬಾತ್‌ರೂಮಿಗೆ ತೊಟ್ಟಿ ಬಂದಾಗ ಅದರ ಜೊತೆಗಿದ್ದ ಏರ್ಪಾಡು ಬರಲಿಲ್ಲ. ಹೊರಗೆ ಮೈ ತೊಳೆಯಲು ನೀರು ಹರಿದುಹೋಗುವ ನೆಲವಿಲ್ಲ, ಮುಚ್ಚುವ ಹಲಗೆಯಿಲ್ಲ, ಆರಿದ ನೀರನ್ನು ಮತ್ತೆ ಬಿಸಿಮಾಡುವ ‘ಒಯಿದಾಕಿ’ ಇಲ್ಲ. ಹಾಗಾಗಿ ಪ್ರತಿ ಸ್ನಾನಕ್ಕೂ ಹೊಸದಾಗಿ 300 ಲೀಟರ್. ಬೆಂಗಳೂರಿನ ಮನೆಯೊಂದರ 25 ಲೀಟರಿನ ಗೀಸರಿನಿಂದ ಇಷ್ಟನ್ನು ತುಂಬಿಸಬೇಕಾದರೆ, 25 ಡಿಗ್ರಿಯ ನಲ್ಲಿನೀರಿಗೆ 65 ಡಿಗ್ರಿಯ ನೀರು ಬೆರೆಸಿದರೂ ಗೀಸರ್ ಐದು ಸಲ ಕಾಯಬೇಕು. ಐದನೆಯದು ಬರುವಷ್ಟರಲ್ಲಿ ಮೊದಲಿನದು ಆರಿರುತ್ತದೆ. ನೀರಿನ ತೂಕವೇ 300 ಕಿಲೋ. ಅದರ ಮೇಲೆ ತೊಟ್ಟಿಯದು, ಮನುಷ್ಯನದು. ಹಳೆಯ ಮಾಳಿಗೆಯ ನೆಲ ಅದನ್ನು ತಾಳುತ್ತದೆಯೇ ಎಂದು ಎಂಜಿನಿಯರನ್ನು ಕೇಳದೆ ಇರಿಸುವಂತಿಲ್ಲ. ತೊಟ್ಟಿ ಆರಿಸುವಾಗ ಹೊರಗಿನ ಎತ್ತರಕ್ಕಿಂತ ಒಳಗಿನ ತಳದಿಂದ ಹೆಚ್ಚಿನ ನೀರು ಹೊರಹೋಗುವ ತೂತಿನವರೆಗಿನ ಅಳತೆ ಮುಖ್ಯ. ನೀರು ನಿಲ್ಲುವುದು ಅಲ್ಲಿಯವರೆಗೆ ಮಾತ್ರ.

ಜಪಾನಿನಲ್ಲೇ ಆಳಕ್ಕೆ ಈಗ ವಯಸ್ಸು ಅಡ್ಡ ಬಂದಿದೆ. 60 ಸೆಂಟಿಮೀಟರ್ ಗೋಡೆ ದಾಟಿ ಇಳಿಯುವುದು ಮುದುಕರಿಗೆ ಕಷ್ಟ. ಚಳಿಗಾಲದಲ್ಲಿ ತಣ್ಣನೆಯ ಕೋಣೆಯಿಂದ ಸುಡುನೀರಿಗೆ ಇಳಿದಾಗ ರಕ್ತದೊತ್ತಡ ಏರಿಳಿದು ತಲೆ ತಿರುಗಿ ಮುಳುಗಿದವರು ಬಹಳ. ಅದಕ್ಕೆ ತೊಟ್ಟಿಯನ್ನು ಭಾಗಶಃ ನೆಲದೊಳಗೆ ಇಳಿಸಿ, ಅಂಚು 40 ಸೆಂಟಿಮೀಟರ್ ಮಾತ್ರ ಮೇಲೆ ಬರುವಂತೆ ಕೂರಿಸಿ, ಗೋಡೆಗೆ ಹಿಡಿಕೆ ಹಚ್ಚುವುದು ಈಚಿನ ನವೀಕರಣಗಳಲ್ಲಿ ರೂಢಿ. ಮರದ ತೊಟ್ಟಿಗಳು ಹೆಚ್ಚಾಗಿ ಉಳಿದಿರುವುದು ಬಿಸಿನೀರಿನ ಬುಗ್ಗೆಗಳ ಊರಿನ ತಂಗುಮನೆಗಳಲ್ಲಿ. ಮನೆಗೆ ಕಟ್ಟಿಸಿಕೊಂಡವರು ಊರಿಗೆ ಹೋಗುವಾಗ ತೊಟ್ಟಿಯ ತಳದಲ್ಲಿ ಒಂದಿಷ್ಟು ನೀರು ಬಿಟ್ಟು ಹೋಗುತ್ತಾರೆ. ಪೂರ್ತಿ ಒಣಗಿದರೆ ಮರ ಕುಗ್ಗಿ, ಪಟ್ಟಿಗಳ ಸಂದಿನಿಂದ ಆಚೆ ಕೋಣೆಯ ಬೆಳಕು ಕಾಣುತ್ತದೆ.